ಎರಡು ಗಿಡ್ಡ, ಒಂದು ಉದ್ದ

ವರ್ಲೀನ್ ಮಡಿಸುವ ಕುರ್ಚಿಯನ್ನು ಸೇತುವೆಯ ಆಚೆ ಬಾಯಿಗೇ ಅಡ್ಡ ಹಾಕಿ ಕೂತಳು. ಇವತ್ತು ಆ ಕಿಡಿಗೇಡಿಯ ಮುಖ ನೋಡದೆ ಏಳುವವಳಲ್ಲ.

ಅಟ್ಲಾಂಟಾದ ಅಂಚಿನ ಆ ಬಡಾವಣೆಗೆ ಇದ್ದದ್ದು ಅದೊಂದೇ ದಾರಿ, ಮರದ ಹಳೇ ಸೇತುವೆ. ಮೇಲೆ ಸೂರು, ಇಕ್ಕೆಲಕ್ಕೂ ಹಲಗೆ ಗೋಡೆ, ಒಳಗೆ ಒಂದೇ ಕಾರಿಗೆ ಜಾಗ. ನುಗ್ಗುವ ಮುಂಚೆ ಹಾರ್ನ್ ಹೊಡೆಯಲೇಬೇಕು. ಎಲ್ಲರೂ ಒಂದು ಸಲ ಹೊಡೆಯುತ್ತಿದ್ದರು. ಅವಳ ಗಂಡ ಕ್ಲೈಡ್ ಮಾತ್ರ ಎರಡು ಗಿಡ್ಡ, ಒಂದು ಉದ್ದ. ಬಂದೆ, ಊಟಕ್ಕಿಡು ಅಂತ.

ಕ್ಲೈಡ್ ಸತ್ತು ಏಳು ತಿಂಗಳು. ಹಾರ್ನ್ ಮಾತ್ರ ಸತ್ತಿರಲಿಲ್ಲ. ದಿನಾ ಸಂಜೆ ಆರಕ್ಕೆ ಅದೇ ಸದ್ದು. ಬೆಳಗಿನಿಂದ ಸೋಫಾದಲ್ಲಿ ಕಲ್ಲಿನಂತೆ ಬಿದ್ದಿದ್ದವಳು ಬೈಯುತ್ತ ಏಳುವಳು, ಎದ್ದವಳು ಹಾಗೇ ಒಲೆ ಹಚ್ಚುವಳು. ಅಳು ಬರುತ್ತಿರಲಿಲ್ಲ. ಏನೂ ಬರುತ್ತಿರಲಿಲ್ಲ.

ತೊಡೆಯ ಮೇಲೆ ಅರ್ಜಿ ಇತ್ತು: ಸೇತುವೆಗೆ ಕೆಂಪು-ಹಸಿರು ದೀಪ ಹಾಕಿ, ಹಾರ್ನ್ ನಿಲ್ಲಿಸಿ. ನಲವತ್ತು ಮನೆಗಳಲ್ಲಿ ಮೂವತ್ತೊಂಬತ್ತರ ಸಹಿ ಬಿದ್ದಿತ್ತು. ಪಕ್ಕದ ಮನೆಯ ಹೋಯ್ಟ್ ಮಾತ್ರ, ಕನ್ನಡಕ ಸಿಗ್ತಿಲ್ಲ ಅಂತ ಎರಡು ವಾರದಿಂದ ತಪ್ಪಿಸಿಕೊಂಡಿದ್ದ.

ಆರಕ್ಕೆ ಸರಿಯಾಗಿ ಒಂದು ಪಿಕಪ್ ಬಂತು. ಅವಳು ಎದ್ದು ಎರಡೂ ಕೈ ಅಡ್ಡ ಹಿಡಿದಳು. ಒಳಗೆ ಹೋಯ್ಟ್. ಮೂಗಿನ ಮೇಲೆ ಕನ್ನಡಕ, ಕೈ ಹಾರ್ನ್ ಮೇಲೆ.

"ನೀನಾ! ನಾಚಿಕೆ ಆಗಲ್ವೇನೋ ಮುದುಕಾ? ಗಂಡ ಸತ್ತವಳ ಹತ್ರ ಆಟ ಆಡ್ತೀಯಾ?"

"ಆಟ ಅಲ್ಲ ಮಾರಾಯ್ತಿ. ನಿಮ್ಮ ನಾಯಿ ಇತ್ತಲ್ಲ, ಬಿಸ್ಕಿಟ್, ಅದಕ್ಕೋಸ್ಕರ ನಾನು ಶುರು ಮಾಡಿದ್ದು. ಕ್ಲೈಡ್ ಹಾರ್ನ್ ಕೇಳ್ದೆ ಅದು ಬಟ್ಟಲಿಗೆ ಬಾಯೇ ಹಾಕ್ತಿಲ್ಲ ಅಂತ ನೀನೇ ಹೇಳಿದ್ದೆ."

"ಬಿಸ್ಕಿಟ್ ಸತ್ತು ಮೂರು ತಿಂಗಳಾಯ್ತು! ಗುಂಡಿ ತೋಡಿದವನೇ ನೀನು!"

"ಹೂಂ."

"ಮತ್ತೆ ಇನ್ಯಾವ ನಾಯಿಗೆ ಹೊಡೀತಿದೀಯ?"

ಹೋಯ್ಟ್ ಹೊಳೆಯ ಆಚೆ, ಬಡಾವಣೆಯಿದ್ದ ದಡದತ್ತ ಗದ್ದ ಎತ್ತಿ ತೋರಿಸಿದ. ಕತ್ತಲಾಗುತ್ತಿತ್ತು. ಸಾಲುಮನೆಗಳಲ್ಲೆಲ್ಲ ಅಡುಗೆಮನೆಯ ದೀಪ ಹತ್ತಿತ್ತು. ಒಂದೇ ಒಂದು ಕಿಟಕಿ ಕಪ್ಪಾಗಿತ್ತು. ಅವಳದು.

"ಬಿಸ್ಕಿಟ್ ಸತ್ತ ದಿನ ಇನ್ನು ಬೇಡ ಅಂತ ಹಾರ್ನ್ ಹೊಡೀಲಿಲ್ಲ," ಅಂದ ಹೋಯ್ಟ್. "ಅವತ್ತು ಆ ದೀಪ ಹತ್ತಲೇ ಇಲ್ಲ, ವರ್ಲೀನ್. ಮಾರನೇ ದಿನಾನೂ ಇಲ್ಲ."

ಅವಳು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿದಳು. ಕುರ್ಚಿ ಮಡಿಸಿ ದಾರಿ ಬಿಟ್ಟಳು.

"ಹೊಡಿ," ಅಂದಳು. "ಹಸಿವಾಗ್ತಿದೆ."