ಏಳನೆಯ ತಿಂಗಳು

ಜೈಲಿನಲ್ಲಿ ಮಗು ಹುಟ್ಟಬಾರದೆಂಬ ಕಾನೂನು ಬಂದ ಮೇಲೆ ಬಸುರಿ ಕೈದಿಗಳಿಗೆ ದಿನಾ ಬೆಳಿಗ್ಗೆ ತಡೆಸೂಜಿ ಹಾಕುತ್ತಿದ್ದರು. ಬಿಡುಗಡೆಯಾಗುವವರೆಗೂ ಹೊಟ್ಟೆಯಲ್ಲಿನ ಮಗು ಬೆಳೆಯುತ್ತಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಒಳಗೆ ಬಂದ ನೀಲವ್ವನಿಗೆ ಮೂರು ವರ್ಷದಿಂದಲೂ ಏಳೇ ತಿಂಗಳು. ನಿನ್ನೆ ಅವಳ ಕೇಸು ಮತ್ತೆ ಮುಂದಕ್ಕೆ ಹೋಗಿತ್ತು.

ಇವತ್ತು ಅವಳು ತೋಳು ಚಾಚಲಿಲ್ಲ.

"ಸಾಕ್ರೀ ಸಿಸ್ಟರ್. ಇಲ್ಲೇ ಹಡೀತೀನಿ."

"ಕಾನೂನು ಮೀರಿ ಹಡದ್ರ ಕೂಡಲೇ ಕೂಸನ್ನ ಬ್ಯಾರೆಯವರಿಗೆ ಕೊಡ್ತಾರ. ನಿನಗ ಮಾರಿನೂ ತೋರಿಸಂಗಿಲ್ಲ," ಎಂದಳು ನರ್ಸ್ ಸುಲೋಚನಾ.

ನಿನ್ನೆಯ ಮದ್ದಿನ ಅಮಲು ಇಳಿದು ಮಗು ಬಲವಾಗಿ ಒದೆಯಿತು. ನೀಲವ್ವ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಕೂತಳು. ಆಮೇಲೆ ತಾನೇ ಸೆರಗು ಸರಿಸಿ ತೋಳು ಒಡ್ಡಿದಳು.

ಹೊಸ ಮದ್ದು ಮೈಗೇರಿದಂತೆ ಒದೆತ ನಿಧಾನವಾಗಿ ನಿಂತಿತು.

"ಮಲಕೋ ಕೂಸೇ," ಎಂದಳು. "ಇಲ್ಲಿ ಹುಟ್ಟಿದ್ರ ನೀ ನನ್ನವ ಆಗಂಗಿಲ್ಲ."