ಕಳಿಸಿಕೊಡುವ ಹಾಡು

ಒಮ್ಮೆ ರೆಕಾರ್ಡ್ ಮಾಡಿದ ಹಾಡು ಆಮೇಲೆ ಯಾರ ಬಾಯಿಗೂ ಬರುವುದಿಲ್ಲ ಎಂಬುದು ಕಾಡಂಚಿನ ಆ ಹಾಡಿಯ ಗುಡಿಸಲುಗಳಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಮೊಮ್ಮಗಳು ಬೊಮ್ಮಿಯ ಪಿಎಚ್‌ಡಿಗೆಂದು ಕೇತಮ್ಮಜ್ಜಿ ಜೇನಿನ ಹಾಡು, ಜೋಗುಳ ಎಲ್ಲವನ್ನೂ ಕೊಟ್ಟಾಗಿತ್ತು. ಉಳಿದದ್ದು, ಸತ್ತವರನ್ನು ಹೆಸರು ಹಿಡಿದು ಕರೆದು ಹಿರಿಯರ ಬಳಿಗೆ ಕಳಿಸುವ ಹಾಡೊಂದೇ.

“ಸುಮ್ನೆ ಯಾವ್ದಾದ್ರೂ ಹೆಸ್ರು ಸೇರ್ಸಿ ಹಾಡಜ್ಜಿ. ಇದಿಲ್ದೆ ನಮ್ಮ ಗೈಡು ಒಪ್ಪಲ್ಲ,” ಎಂದು ಬೊಮ್ಮಿ ಮೈಕು ಸರಿಸಿದಳು.

ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, ಕಣ್ಣು ಮುಚ್ಚಿ ಹಾಡಿದಳು. ಸಾಲು ಸಾಲಿಗೂ ಅವಳು ಕರೆದದ್ದು ಕೇತಮ್ಮನನ್ನೇ.

ಹಾಡು ಮುಗಿಯುತ್ತಲೇ ಬೊಮ್ಮಿ ಮೈಕು ಆರಿಸಿದಳು. “ನಿನ್ನ ಹೆಸ್ರು ಯಾಕಜ್ಜಿ?”

“ನಾ ಸತ್ತಾಗ ಹಾಡೋರು ಯಾರವ್ರೆ ಕೂಸೇ? ಅವತ್ತು ಇದ್ನೇ ಹಾಕು.” ಅಜ್ಜಿ ಮೊಮ್ಮಗಳ ತಲೆ ಸವರಿದಳು. “ನಿಮ್ಮವ್ವನ್ನ, ನಿನ್ನ ಕಳ್ಸೋಕೆ ಏನ್ ಮಾಡ್ಕತೀಯೋ, ಕಾಣೆ.”