ಮೂರನೆಯ ತಿದ್ದುಪಡಿ

ತೀರಿಕೊಂಡವರ ಕೊನೆಯ ಬೆಳಗಿಗೆ ಹೋಗಿಬರಲು ಮನೆಯವರಿಗೆ ತಲಾ ಮೂರು ಚೀಟಿ ಸಿಗುತ್ತವೆ. ಸಾವಿನ ದಿನ ಬದಲಾಗುವುದಿಲ್ಲ. ತಾವು ಆಡಿದ ಮಾತು, ನಡೆದುಕೊಂಡ ರೀತಿಯನ್ನಷ್ಟೇ ತಿದ್ದಬಹುದು. ಏಳನೆಯ ತರಗತಿಯ ದಾನೇಶ್ವರಿಯ ಬಳಿ ಉಳಿದಿದ್ದುದು ಒಂದೇ ಚೀಟಿ.

ಲೈನ್‌ಮನ್ ಅಪ್ಪ ಕಂಬದಿಂದ ಬಿದ್ದ ದಿನ ಅವಳು ನಕಾಶೆಗೆ ಬಣ್ಣ ತುಂಬುತ್ತ, ತಲೆ ಎತ್ತದೆ, "ಹೂಂ, ಬಾಗಿಲಾ ಹಾಕ್ಕೊಂಡ ಹೋಗು" ಎಂದಿದ್ದಳು. ಆ ಮಾತು ಮನಸ್ಸನ್ನು ಕೊರೆಯುತ್ತಿತ್ತು. ಮೊದಲ ಸಲ ಮರಳಿದಾಗ ಅಪ್ಪನನ್ನು ತಬ್ಬಿಕೊಂಡಳು. ಎರಡನೆಯ ಸಲ ಅಳು ನುಂಗಿ, ಬುತ್ತಿ ಕೈಗಿಟ್ಟು, "ಹೋಗಿ ಬಾ ಅಪ್ಪಾ" ಎಂದಳು. ಒಂದಕ್ಷರವೂ ತಪ್ಪಲಿಲ್ಲ.

ಆದರೆ ಎರಡು ಸಲವೂ ಅಪ್ಪನ ಮುಖ ಬಿಳಿಚಿತು. ಮಕ್ಕಳು ಇದ್ದಕ್ಕಿದ್ದಂತೆ ಒಳ್ಳೆಯವರಾದರೆ ಏನರ್ಥವೆಂದು ಊರಿಗೆಲ್ಲ ಗೊತ್ತು.

"ಇವತ್ತ ಏನವಾ ನನ್ನ ಕಡೀ ದಿನಾ?" ಎಂದು ಹೊಸ್ತಿಲಲ್ಲೇ ಕುಸಿದು ಕೂತಿದ್ದ.

ಮೂರನೆಯ ಸಲ ದಾನೇಶ್ವರಿ ನಕಾಶೆಯ ಸಮುದ್ರಕ್ಕೆ ನೀಲಿ ಬಳಿಯುತ್ತಲೇ ಇದ್ದಳು.

"ಬರ್ತೀನವಾ," ಎಂದ ಅಪ್ಪ.

"ಹೂಂ, ಬಾಗಿಲಾ ಹಾಕ್ಕೊಂಡ ಹೋಗು."

"ಭಾಳ ಸೊಕ್ಕು ಬಂತ ನಿನಗ!" ಅಪ್ಪ ನಕ್ಕು, ಬಾಗಿಲು ಹಾಕಿಕೊಂಡು, ಶಿಳ್ಳೆ ಹೊಡೆಯುತ್ತ ಮೆಟ್ಟಿಲಿಳಿದ.

ಆ ಶಿಳ್ಳೆ ಕೇಳಿಸದಾಗುವವರೆಗೂ ಅವಳು ತಲೆ ಎತ್ತಲಿಲ್ಲ.